ಹುಣಸೆ ಬೀಜ ಹಿಡಿದು ಪಾಠ: ವಿಶ್ವವಿದ್ಯಾಲಯದ ತರಗತಿಯಲ್ಲಿ ಆಟ ಆಡಿಸುವುದು ಹೇಗೆ

ಮೊದಲು ಒಂದು ಸೇರು ಹುಣಸೆ ಬೀಜ ತರಿಸಿಟ್ಟುಕೊಳ್ಳಿ. ಜೊತೆಗೆ ಒಂದಷ್ಟು ಬಟ್ಟೆ ಚೀಲ, ಒಂದು ಕಡೆ ಬರೆದ ಹಳೆಯ ಹಾಳೆಗಳು, ಸೀಮೆಸುಣ್ಣ. ಇಷ್ಟೇ ಸಾಮಾನು. ಪ್ರೊಜೆಕ್ಟರ್ ಬೇಡ, ಆ್ಯಪ್ ಬೇಡ. ಕರೆಂಟ್ ಹೋದರೂ ಆಟ ನಿಲ್ಲುವುದಿಲ್ಲ.

ನಾನು ರಾಯಚೂರಿನಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ತರಗತಿಯಲ್ಲಿ ಆಟ ಆಡಿಸುತ್ತೇನೆ ಅಂದರೆ ಕೆಲವರು ಹುಬ್ಬೇರಿಸುತ್ತಾರೆ. ಆಟ ಅಂಗನವಾಡಿಗೆ, ದೊಡ್ಡವರಿಗೆ ಉಪನ್ಯಾಸ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಆದರೆ ಇಪ್ಪತ್ತೆರಡು ವರ್ಷದ ಹುಡುಗ ಕೈಯಲ್ಲಿ ಬೀಜ ಹಿಡಿದು "ಎಷ್ಟು ತಗೊಳ್ಳಲಿ?" ಎಂದು ಯೋಚಿಸುತ್ತಾ ಕೂತಾಗ ಅವನ ಮುಖ ನೋಡಬೇಕು. ಅಷ್ಟು ಗಂಭೀರವಾದ ಮುಖ ನನಗೆ ಉಪನ್ಯಾಸ ಮಾಡುವಾಗ ಎಂದೂ ಕಂಡಿಲ್ಲ.

ಶುರು ಮಾಡುವ ಮುಂಚೆ ಒಂದು ಪರೀಕ್ಷೆ

ನನ್ನ ಮೊದಲ ಆಟ ಕೆಟ್ಟಿತು. ಹಾವು ಏಣಿ ಪಟದ ಮೇಲೆ ಪ್ರಶ್ನೆಗಳನ್ನು ಅಂಟಿಸಿದ್ದೆ. ಬೆಲೆಗೆ ತಕ್ಕಂತೆ ಜನ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಬೇಡಿಕೆ ರೇಖೆಯ ಬಗ್ಗೆ ಸರಿ ಉತ್ತರ ಕೊಟ್ಟರೆ ಏಣಿ, ತಪ್ಪಿದರೆ ಹಾವು. ಗದ್ದಲ, ನಗು, ಚಪ್ಪಾಳೆ, ಎಲ್ಲ ಇತ್ತು. ಮಾರನೇ ದಿನ ಕೇಳಿದೆ. ಯಾರು ಗೆದ್ದರು ಅನ್ನೋದು ಎಲ್ಲರಿಗೂ ನೆನಪಿತ್ತು. ಬೇಡಿಕೆ ರೇಖೆ ಯಾಕೆ ಕೆಳಮುಖವಾಗಿ ಇಳಿಯುತ್ತದೆ ಅನ್ನೋದನ್ನು ಒಬ್ಬರೂ ಬಿಡಿಸಿ ಹೇಳಲಿಲ್ಲ.

ತಪ್ಪು ಎಲ್ಲಿತ್ತು ಅಂತ ಗೊತ್ತಾಗಲು ಕೆಲವು ದಿನ ಬೇಕಾಯಿತು. ಹಾವು ಏಣಿಗೂ ಬೇಡಿಕೆಗೂ ಸಂಬಂಧವೇ ಇರಲಿಲ್ಲ. ನನ್ನ ಪ್ರಶ್ನೆ ಕಿತ್ತು ರಸಾಯನಶಾಸ್ತ್ರದ ಪ್ರಶ್ನೆ ಅಂಟಿಸಿದ್ದರೂ ಆಟ ಹಾಗೇ ನಡೆಯುತ್ತಿತ್ತು. ಅಂದಿನಿಂದ ಪ್ರತಿ ಹೊಸ ಆಟಕ್ಕೂ ಇದೇ ಪರೀಕ್ಷೆ ಇಡುತ್ತೇನೆ. ವಿಷಯ ಬದಲಾಯಿಸಿದರೂ ಆಟ ಬದಲಾಗದಿದ್ದರೆ ಅದು ಪಾಠ ಅಲ್ಲ, ಬರೀ ಮನರಂಜನೆ. ಆಟದ ನಿಯಮವೇ ಪಾಠ ಆಗಿರಬೇಕು. ಗೆಲ್ಲಲು ಹೊರಟವನು ಆ ವಿಷಯದ ಒಳಗೆ ಯೋಚಿಸದೆ ಒಂದು ಹೆಜ್ಜೆಯನ್ನೂ ಇಡಲಾಗದಂತೆ ಇರಬೇಕು.

ಹೆಜ್ಜೆ 1: ಒಂದೇ ಒಂದು ಗಂಟು ಆರಿಸಿ

ಇಡೀ ಘಟಕಕ್ಕೆ ಆಟ ಕಟ್ಟಲು ಹೋಗಬೇಡಿ. ಪ್ರತಿ ವರ್ಷ ಮಕ್ಕಳು ಎಡವುವ ಒಂದು ಜಾಗ ಇರುತ್ತದಲ್ವಾ, ಅದನ್ನು ಹಿಡಿಯಿರಿ. ಹಳೆಯ ಉತ್ತರ ಪತ್ರಿಕೆಗಳನ್ನು ತಿರುವಿದರೆ ಸಿಕ್ಕಿಬಿಡುತ್ತದೆ. ಎಲ್ಲರೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿ ಬರೆದಿದ್ದರೆ, ಆ ಜಾಗ ಯಾರಿಗೂ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ನನಗೆ ಸಿಕ್ಕ ಗಂಟು ಇದು: ಎಲ್ಲರಿಗೂ ಸೇರಿದ ಸಂಪನ್ಮೂಲವನ್ನು ಪ್ರತಿಯೊಬ್ಬರೂ ತಮ್ಮ ಲಾಭ ಮಾತ್ರ ನೋಡಿ ಬಳಸಿದರೆ ಏನಾಗುತ್ತದೆ? 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್, ಎಲ್ಲರೂ ದನ ಮೇಯಿಸುವ ಹುಲ್ಲುಗಾವಲಿನ ಉದಾಹರಣೆ ಕೊಟ್ಟು, ಇದು ಎಲ್ಲರನ್ನೂ ಮುಳುಗಿಸುತ್ತದೆ ಎಂದರು. ಹಾಗಾಗಲೇಬೇಕಿಲ್ಲ, ಬಳಸುವ ಜನರೇ ಕೂತು ನಿಯಮ ಮಾಡಿಕೊಂಡು ಕಾಪಾಡಿಕೊಳ್ಳಬಲ್ಲರು ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಂ ಊರೂರಿನ ಉದಾಹರಣೆ ಹಿಡಿದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಹೆಣ್ಣುಮಗಳು ಅವರು. ಮಕ್ಕಳು ಇಬ್ಬರ ಹೆಸರನ್ನೂ ಬರೆಯುತ್ತಾರೆ. ಇಬ್ಬರ ನಡುವಿನ ಜಗಳ ಏನು ಅಂತ ಮಾತ್ರ ಹೇಳಲು ಬರುವುದಿಲ್ಲ.

ನಮ್ಮ ಮಕ್ಕಳಿಗೆ ಈ ಜಗಳ ಹೊಸದಲ್ಲ. ಮುನಿರಾಬಾದಿನಲ್ಲಿ ಹುಟ್ಟುವ ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿಲೋಮೀಟರ್ ಹರಿಯುತ್ತದೆ. ಕಡಿಮೆ ನೀರು ಬೇಡುವ ಬೆಳೆಗಳನ್ನು ಲೆಕ್ಕದಲ್ಲಿಟ್ಟು, ಹೆಚ್ಚು ಹೊಲಕ್ಕೆ ಸ್ವಲ್ಪ ಸ್ವಲ್ಪವಾಗಿ ಹಂಚಲು ಮಾಡಿದ ಯೋಜನೆ ಅದು. ಮೇಲ್ಭಾಗದಲ್ಲಿ ಭತ್ತ ಬಂತು. ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಪ್ರತಿ ವರ್ಷ ಕಾಲುವೆಯ ನೀರಿನ ಮಟ್ಟ ಹೇಳುವ ಗೇಜ್ ನೋಡುತ್ತಾ ಕೂರುವಂತಾಯಿತು. "69ನೇ ಮೈಲ್‌ನಲ್ಲಿ ಗೇಜ್ ಎಷ್ಟಿದೆ?" ಎಂಬ ಮಾತನ್ನು ನಮ್ಮ ಅರ್ಧ ತರಗತಿ ಮನೆಯಲ್ಲೇ ಕೇಳಿ ಬೆಳೆದಿರುತ್ತದೆ. ಇಷ್ಟು ಹತ್ತಿರದ ವಿಷಯವನ್ನು ಬಿಟ್ಟು ಎಲ್ಲೋ ದೂರದ ಹುಲ್ಲುಗಾವಲಿನ ಉದಾಹರಣೆ ಯಾಕೆ ಕೊಡಬೇಕು?

ಹೆಜ್ಜೆ 2: ನಿಯಮ ಕಟ್ಟಿ, ಲೆಕ್ಕ ಮಾಡಿ

ಒಂದು ಗುಂಪಿಗೆ ಒಂಬತ್ತು ಜನ. ಎಂಟು ಜನ ರೈತರು, ಒಬ್ಬರು ಲೆಕ್ಕ ಬರೆಯುವವರು. ರೈತರು ಸಾಲಾಗಿ ಕೂರುತ್ತಾರೆ. ಮೊದಲನೆಯವರು ಕಾಲುವೆಯ ತಲೆ, ಎಂಟನೆಯವರು ಕೊನೆ. ಚೀಲದಲ್ಲಿ ಹುಣಸೆ ಬೀಜ ಇರುತ್ತದೆ, ಅದೇ ನೀರು. ಚೀಲ ಮೊದಲನೆಯವರಿಂದ ಶುರುವಾಗಿ ಕೈಯಿಂದ ಕೈಗೆ ಹೋಗುತ್ತದೆ. ಒಳಗೆ ಕೈಹಾಕಿ ಬೇಕಾದಷ್ಟು ತೆಗೆದುಕೊಂಡು ಮುಷ್ಟಿ ಮುಚ್ಚಬೇಕು. ಯಾರಿಗೂ ತೋರಿಸಬಾರದು.

ಪ್ರತಿಯೊಬ್ಬರೂ ಒಂದು ಹಂಗಾಮಿಗೆ, ಅಂದರೆ ಆಟದ ಒಂದು ಸುತ್ತಿಗೆ, ಒಂದೇ ಬೆಳೆ ಬೆಳೆಯಬಹುದು. ಜೋಳಕ್ಕೆ 2 ಬೀಜ ನೀರು ಬೇಕು, 4 ಅಂಕ ಬರುತ್ತದೆ. ಭತ್ತಕ್ಕೆ 6 ಬೀಜ ಬೇಕು, 9 ಅಂಕ ಬರುತ್ತದೆ. ಒಳ್ಳೆಯ ವರ್ಷ ಚೀಲದಲ್ಲಿ 32 ಬೀಜ. ಬರದ ವರ್ಷ 24. ಯಾವ ವರ್ಷ ಅಂತ ಚೀಟಿ ಎತ್ತಿ ನಿರ್ಧರಿಸಿ, ಜೋರಾಗಿ ಹೇಳಿ.

ಈ ಅಂಕಗಳನ್ನು ಸುಮ್ನೆ ಇಟ್ಟಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಒಳ್ಳೆಯ ವರ್ಷದಲ್ಲಿ ತಲೆಯಿಂದ ಎಲ್ಲರೂ ಭತ್ತಕ್ಕೇ ಕೈಹಾಕಿದರೆ, ಮೊದಲ ಐದು ಜನ 30 ಬೀಜ ಮುಗಿಸುತ್ತಾರೆ. ಆರನೆಯವರಿಗೆ ಜೋಳದಷ್ಟು ಸಿಗುತ್ತದೆ. ಕೊನೆಯ ಇಬ್ಬರಿಗೆ ಖಾಲಿ ಚೀಲ. ಗುಂಪಿನ ಒಟ್ಟು 49 ಅಂಕ. ಅದೇ ನಾಲ್ಕು ಜನ ಭತ್ತ, ನಾಲ್ಕು ಜನ ಜೋಳ ಮಾಡಿದರೆ ನೀರು ಸರಿಯಾಗಿ ಸಾಲುತ್ತದೆ, ಒಟ್ಟು 52 ಬರುತ್ತದೆ. ಬರೀ 3 ಅಂಕದ ವ್ಯತ್ಯಾಸ! ಬರದ ವರ್ಷ ನೋಡಿ. ದುರಾಸೆಯಲ್ಲಿ ನಾಲ್ಕು ಜನ ಭತ್ತ ಬೆಳೆದು 36, ಉಳಿದ ನಾಲ್ವರಿಗೆ ಸೊನ್ನೆ. ಹಂಚಿಕೊಂಡರೆ ಇಬ್ಬರು ಭತ್ತ, ಆರು ಜನ ಜೋಳ, ಒಟ್ಟು 42. ಅಂತರ ಎರಡು ಪಟ್ಟಾಯಿತು.

ಈ ಲೆಕ್ಕವನ್ನು ಆಟಕ್ಕೆ ಮುಂಚೆ ಮಕ್ಕಳಿಗೆ ಹೇಳಲೇಬೇಡಿ. ಅವರೇ ಕಂಡುಕೊಳ್ಳಬೇಕು. ಆದರೆ ನಿಮಗೆ ಗೊತ್ತಿರಲೇಬೇಕು. ಒಟ್ಟು ಉತ್ಪನ್ನ ಒಂದು ಪ್ರಶ್ನೆ, ಯಾರಿಗೆ ಎಷ್ಟು ಸಿಕ್ಕಿತು ಎನ್ನುವುದು ಇನ್ನೊಂದು ಪ್ರಶ್ನೆ. ಈ ಎರಡು ಬೇರೆ ಬೇರೆ ಎನ್ನುವುದೇ ನನ್ನ ಪಾಠದ ತಿರುಳು. ಅಂಕಗಳನ್ನು ಕಣ್ಣಳತೆಯಲ್ಲಿ ಇಟ್ಟಿದ್ದರೆ ಅದು ಹೊರಬರುತ್ತಿರಲಿಲ್ಲ.

ಹೆಜ್ಜೆ 3: ಮನೆಯಲ್ಲಿ ಆಡಿ ನೋಡಿ

ತರಗತಿಗೆ ಒಯ್ಯುವ ಮುಂಚೆ ಮನೆಯವರನ್ನೋ ಸಹೋದ್ಯೋಗಿಗಳನ್ನೋ ಕೂರಿಸಿ ಒಮ್ಮೆ ಆಡಿ. ನಿಯಮದ ತೂತು ಅಲ್ಲೇ ಕಾಣುತ್ತದೆ. ನನ್ನ ತಮ್ಮ ಒಂದೇ ಸಲಕ್ಕೆ ಹನ್ನೆರಡು ಬೀಜ ಎತ್ತಿಕೊಂಡು "ಮುಂದಿನ ವರ್ಷಕ್ಕೆ ಇಟ್ಟುಕೊಳ್ತೀನಿ" ಎಂದ. ಬೀಜ ಕೂಡಿಡುವಂತಿಲ್ಲ ಎಂಬ ನಿಯಮ ಹುಟ್ಟಿದ್ದು ಹಾಗೆ. ನಿಯಮಗಳು ಬೋರ್ಡಿನ ಮೇಲೆ ಆರು ಸಾಲಿಗಿಂತ ಜಾಸ್ತಿ ಆದರೆ ಆಟ ಭಾರವಾಯಿತು ಎಂದು ಲೆಕ್ಕ.

ಹೆಜ್ಜೆ 4: ತರಗತಿಯನ್ನು ಸಜ್ಜು ಮಾಡಿ

ತೊಂಬತ್ತು ಜನರ ತರಗತಿ, ನೆಲಕ್ಕೆ ಬಿಗಿದ ಬೆಂಚು. ಇಲ್ಲಿ ಹೇಗೆ ಆಡಿಸೋದು ಎಂದು ಕೇಳುತ್ತಾರೆ. ಕಾಲುವೆ ಆಟಕ್ಕೆ ಈ ಬೆಂಚೇ ಅನುಕೂಲ. ಮುಂದಿನ ಬೆಂಚು ತಲೆ, ಹಿಂದಿನ ಬೆಂಚು ಕೊನೆ. ಹತ್ತು ಗುಂಪು, ಹತ್ತು ಚೀಲ.

ಜಾಗವನ್ನು ಚೀಟಿ ಎತ್ತಿಯೇ ಕೊಡಿ. ಇದರಲ್ಲಿ ಸಡಿಲ ಬಿಡಬೇಡಿ. ನಿಮ್ಮ ತರಗತಿಯಲ್ಲಿ ನಿಜವಾಗಿಯೂ ಕೊನೆ ಭಾಗದ ಹೊಲ ಇರುವ ಮನೆಯ ಮಗಳು ಇರುತ್ತಾಳೆ. ಮೇಲ್ಭಾಗದ ಭತ್ತದ ಗದ್ದೆಯ ಹುಡುಗನೂ ಇರುತ್ತಾನೆ. ನೀವು ಬೆರಳು ತೋರಿಸಿ ಜಾಗ ಕೊಟ್ಟರೆ ಆಟ ಹೋಗಿ ಊರಿನ ಜಗಳ ಬರುತ್ತದೆ. ಎರಡು ಸುತ್ತು ಆದ ಮೇಲೆ ಸಾಲು ತಿರುಗಿಸಿ, ತಲೆಯವರು ಕೊನೆಗೆ ಹೋಗಲಿ. ಆಗ ಯಾರೂ ಯಾವ ಜಾಗಕ್ಕೂ ಅಂಟಿಕೊಳ್ಳುವುದಿಲ್ಲ. ಜಾತಿಯನ್ನು ಮಾತ್ರ ಯಾವ ಆಟದಲ್ಲೂ ಪಾತ್ರವಾಗಿ ಹಂಚಬೇಡಿ. ಆ ನೋವನ್ನು ಆಟದ ಚೌಕಟ್ಟಿನೊಳಗೆ ಹಿಡಿದಿಡಲು ಆಗುವುದಿಲ್ಲ.

ನಿಯಮವನ್ನು ಕನ್ನಡದಲ್ಲೇ ಹೇಳಿ. ಪಠ್ಯದ ಪಾರಿಭಾಷಿಕ ಪದಗಳು ಆಟ ಮುಗಿದ ಮೇಲೆ ಬರಲಿ. ಹೊಸ ಪದ ಕೇಳಿದ ತಕ್ಷಣ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹಿಂದೆ ಸರಿದುಬಿಡುತ್ತಾರೆ. ಅನುಭವ ಮೊದಲು ಸಿಕ್ಕಿಬಿಟ್ಟರೆ ಪದ ಕಲಿಯುವುದು ಕಷ್ಟವಲ್ಲ.

ಹೆಜ್ಜೆ 5: ಆಡಿಸಿ

ಐವತ್ತೈದು ನಿಮಿಷದ ಪೀರಿಯಡ್ ಅಂದುಕೊಳ್ಳಿ. ನಿಯಮಕ್ಕೆ 5 ನಿಮಿಷ, ಆಟಕ್ಕೆ 25, ಒಬ್ಬೊಬ್ಬರೇ ಬರೆಯಲು 5, ಮಾತಿಗೆ 20.

ಮೊದಲ ಎರಡು ಸುತ್ತು ಪೂರ್ತಿ ಮೌನ. ಯಾರೂ ಮಾತಾಡಬಾರದು. ಈ ಮೌನದಿಂದ ಇನ್ನೊಂದು ಲಾಭ ಇದೆ. ತರಗತಿಯಲ್ಲಿ ಬಾಯಿ ಬಿಡದ ಹೆಣ್ಣುಮಕ್ಕಳು, ಹಿಂದಿನ ಬೆಂಚಿನ ಸಂಕೋಚದ ಹುಡುಗರು ಎಲ್ಲರಷ್ಟೇ ಆಡುತ್ತಾರೆ. ಮಾತು ಶುರುವಾಗುವ ಹೊತ್ತಿಗೆ ಅವರ ಬಳಿಯೂ ಹೇಳಲು ಏನೋ ಇರುತ್ತದೆ.

ಮೂರು, ನಾಲ್ಕನೇ ಸುತ್ತಿನಲ್ಲಿ ಮಾತಿಗೆ ಅವಕಾಶ ಕೊಡಿ. ಗುಂಪಿನವರು ಒಪ್ಪಂದ ಮಾಡಿಕೊಳ್ಳುತ್ತಾರೆ. ಆಮೇಲೆ ಮುಷ್ಟಿ ಮುಚ್ಚಿದಾಗ ಕೆಲವರು ಮುರಿಯುತ್ತಾರೆ. ಒಮ್ಮೆ ಕೊನೆಯಲ್ಲಿ ಕೂತಿದ್ದ ಹುಡುಗಿ ಖಾಲಿ ಚೀಲ ಮಗುಚಿ ತೋರಿಸಿ, "ಮೇಡಂ, ಮಾತು ಕೊಟ್ಟೋರು ಎಂಟು ಮಂದಿರೀ, ನೀರು ಮಾತ್ರ ನನ್ನ ತನಕ ಬರಂಗಿಲ್ಲ" ಎಂದಳು. ಆ ಮಾತನ್ನು ಬೋರ್ಡಿನ ಮೇಲೆ ಬರೆದು ಹಾಗೇ ಬಿಟ್ಟೆ.

ಐದು, ಆರನೇ ಸುತ್ತಿನಲ್ಲಿ ಗುಂಪು ಒಬ್ಬ ನೀರುಗಂಟಿಯನ್ನು, ಅಂದರೆ ನೀರು ಹಂಚಿಕೆ ಕಾಯುವವರನ್ನು, ನೇಮಿಸಬಹುದು. ಲೆಕ್ಕ ಬರೆಯುವ ಒಂಬತ್ತನೆಯವರೇ ಆ ಕೆಲಸ ಮಾಡಲಿ. ಅವರು ಯಾರ ಮುಷ್ಟಿಯನ್ನಾದರೂ ಬಿಚ್ಚಿಸಿ ನೋಡಬಹುದು. ದಂಡ ಎಷ್ಟು ಎಂದು ಗುಂಪೇ ತೀರ್ಮಾನಿಸಲಿ. ಆದರೆ ಹಂಗಾಮಿಗೆ 4 ಅಂಕ ಕೂಲಿ ಕೊಡಬೇಕು.

ಇಲ್ಲಿ ಮತ್ತೆ ಲೆಕ್ಕ ಕೆಲಸ ಮಾಡುತ್ತದೆ. ಒಳ್ಳೆಯ ವರ್ಷ ಹಂಚಿಕೊಳ್ಳುವುದರಿಂದ ಗುಂಪಿಗೆ ಸಿಗುವುದು 3 ಅಂಕ, ನೀರುಗಂಟಿಯ ಕೂಲಿ 4. ಒಟ್ಟು ಲೆಕ್ಕದಲ್ಲಿ ನಷ್ಟ. ಬರದ ವರ್ಷ ಸಿಗುವುದು 6, ಕೂಲಿ ಕಳೆದರೂ ಲಾಭ. ಆದರೆ ಕೊನೆಯಲ್ಲಿ ಕೂತವರಿಗೆ ಎಲ್ಲ ವರ್ಷವೂ ನೀರುಗಂಟಿ ಬೇಕು! ತಲೆಯವರಿಗೆ ಯಾವ ವರ್ಷವೂ ಬೇಡ. ಗುಂಪಿನಲ್ಲಿ ಏಳುವ ವಾದ ಕೇಳಿಸಿಕೊಳ್ಳಿ. ನಿಯಮ ಮಾಡುವುದಕ್ಕೂ ಖರ್ಚಿದೆ, ಆ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಬಳಸುವವರೇ ಕಾವಲು ಕಾಯುವುದು, ಮೊದಲ ತಪ್ಪಿಗೆ ಸಣ್ಣ ದಂಡ ಹಾಕಿ ಆಮೇಲೆ ಏರಿಸುವುದು ಎಂದು ಆಸ್ಟ್ರಂ ಗುರುತಿಸಿದ ಲಕ್ಷಣಗಳನ್ನು ಎಷ್ಟೋ ಗುಂಪುಗಳು ಅವರ ಹೆಸರು ಕೇಳುವ ಮೊದಲೇ ಕಟ್ಟಿಕೊಂಡಿರುತ್ತವೆ.

ಆಟ ನಡೆಯುವಾಗ ನಿಮ್ಮ ಕೆಲಸ ಬಾಯಿ ಮುಚ್ಚಿಕೊಂಡು ಓಡಾಡುವುದು. ಇದು ಮೇಷ್ಟ್ರುಗಳಿಗೆ ಕಷ್ಟದ ಕೆಲಸ. ಯಾರೋ ತಪ್ಪು ಲೆಕ್ಕ ಹಾಕುತ್ತಿದ್ದರೆ ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ. ಕೇಳಿಸಿದ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಹೆಜ್ಜೆಗೆ ಅವೇ ಬಂಡವಾಳ.

ಹೆಜ್ಜೆ 6: ಆಟ ನಿಲ್ಲಿಸಿ, ಮಾತಾಡಿ

ಹೆಚ್ಚಿನವರು ಎಡವುವುದು ಇಲ್ಲಿ. ಆಟ ರಂಗೇರಿರುತ್ತದೆ, ಇನ್ನೊಂದು ಸುತ್ತು ಅನ್ನುತ್ತಾರೆ, ಗಂಟೆ ಹೊಡೆದುಬಿಡುತ್ತದೆ. ಮಾತಿಲ್ಲದೆ ಮುಗಿದ ಆಟ ಅರ್ಧಕ್ಕೆ ನಿಂತ ಪಾಠ. ಬೇಕಾದರೆ ಆಟದ ಸುತ್ತು ಒಂದು ಕಡಿಮೆ ಮಾಡಿ, ಮಾತಿನ ಇಪ್ಪತ್ತು ನಿಮಿಷಕ್ಕೆ ಕೈ ಹಾಕಬೇಡಿ.

ಮೊದಲು ಐದು ನಿಮಿಷ ಎಲ್ಲರೂ ಹಾಳೆಯಲ್ಲಿ ಬರೆಯಲಿ: ನಾನು ಎಷ್ಟು ತೆಗೆದುಕೊಂಡೆ, ಯಾಕೆ? ಬರೆದು ಕೈಯಲ್ಲಿ ಹಿಡಿದವರಿಗೆ ಮಾತಾಡಲು ಧೈರ್ಯ ಬರುತ್ತದೆ.

ಆಮೇಲೆ ನಾಲ್ಕು ಪ್ರಶ್ನೆ, ಇದೇ ಕ್ರಮದಲ್ಲಿ. ಏನಾಯಿತು? ಯಾಕೆ ಹಾಗಾಯಿತು? ಇದನ್ನು ಹೊರಗೆ ಎಲ್ಲಿ ನೋಡಿದ್ದೀರಿ? ಆಟ ಎಲ್ಲಿ ಸುಳ್ಳು ಹೇಳಿತು?

ನಾಲ್ಕನೆಯದನ್ನು ಬಿಡಬೇಡಿ. ವಿಶ್ವವಿದ್ಯಾಲಯದ ಮಟ್ಟದ ಯೋಚನೆ ಶುರುವಾಗುವುದೇ ಅಲ್ಲಿ. ನಮ್ಮ ಆಟದಲ್ಲಿ ನೀರು ದಾರಿಯಲ್ಲಿ ಇಂಗುವುದಿಲ್ಲ, ಆವಿ ಆಗುವುದಿಲ್ಲ. ಕಾಲುವೆಗೆ ಪಂಪ್‌ಸೆಟ್ ಇಟ್ಟು ಎತ್ತುವವರಿಲ್ಲ. ಜಲಾಶಯದ ಹೂಳು ಇಲ್ಲ. ತುಂಗಭದ್ರೆಯಲ್ಲಿ ಮೊದಲು 133 ಟಿಎಂಸಿ ನೀರು ನಿಲ್ಲುತ್ತಿತ್ತು, ಹೂಳು ತುಂಬಿ ಅದು 105.788ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ನೀರು ನದಿಗೆ ಹರಿದದ್ದನ್ನು ಎಲ್ಲರೂ ನೋಡಿದ್ದಾರೆ. ನಮ್ಮ ಚೀಟಿಯಲ್ಲಿ ಅಂಥ ವರ್ಷವೇ ಇಲ್ಲ. ಮಾದರಿ ಅಂದರೇನು, ಅದು ಯಾವುದನ್ನು ಬಿಟ್ಟು ಯಾವುದನ್ನು ತೋರಿಸುತ್ತದೆ ಎನ್ನುವುದನ್ನು ನಾನು ಬೇರೆ ರೀತಿಯಲ್ಲಿ ಇಷ್ಟು ಸಲೀಸಾಗಿ ಕಲಿಸಿಲ್ಲ.

"ಮೇಡಂ, ನೀವೇ ಹೇಳಿಬಿಡ್ರಿ"

ಈ ಮಾತು ಬಂದೇ ಬರುತ್ತದೆ. ಚೆನ್ನಾಗಿ ಓದುವ ಮಕ್ಕಳೇ ಮೊದಲು ಹೇಳುತ್ತಾರೆ. ನೋಟ್ಸ್ ಕೊಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು ಎನ್ನುವುದು ಅವರ ತಕರಾರು.

ಅವರ ಅನಿಸಿಕೆ ಸುಳ್ಳಲ್ಲ, ಆದರೆ ಅನಿಸಿಕೆ ಮೋಸ ಮಾಡುತ್ತದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ತಾವೇ ತಲೆ ಓಡಿಸಿ ಕಲಿತ ವಿದ್ಯಾರ್ಥಿಗಳು ಕಡಿಮೆ ಕಲಿತೆವು ಎಂದು ಭಾವಿಸಿದ್ದರು. ಪರೀಕ್ಷೆಯಲ್ಲಿ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಅಂಕ ತೆಗೆದರು. ಕಷ್ಟಪಟ್ಟು ಯೋಚಿಸುವಾಗ ಮನಸ್ಸು ಅದನ್ನು "ಅರ್ಥವಾಗುತ್ತಿಲ್ಲ" ಎಂದು ಓದಿಕೊಳ್ಳುತ್ತದೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಬೋಧನೆಯ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2014ರ ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಜನ ಫೇಲಾದರೆ, ಸಕ್ರಿಯ ಕಲಿಕೆಯ ತರಗತಿಗಳಲ್ಲಿ 22 ಜನ ಫೇಲಾಗಿದ್ದರು. ಇವು ಆಟದ್ದೇ ಅಧ್ಯಯನಗಳಲ್ಲ. ವಿದ್ಯಾರ್ಥಿ ಸುಮ್ನೆ ಕೂರದೆ ಏನಾದರೂ ಮಾಡುವ ಎಲ್ಲ ಬಗೆಯ ತರಗತಿಗಳದ್ದು. ಆಟ ಅದರೊಳಗೆ ಒಂದು ದಾರಿ. ನಾನು ಈ ವಿಷಯವನ್ನು ಸೆಮಿಸ್ಟರ್‌ನ ಮೊದಲ ವಾರವೇ ಮಕ್ಕಳಿಗೆ ಹೇಳಿಬಿಡುತ್ತೇನೆ. ಮುಂಚೆಯೇ ಹೇಳಿದರೆ ತಕರಾರು ಕಡಿಮೆ.

ಇಂಟರ್ನಲ್ ಅಂಕದ ವಿಷಯಕ್ಕೆ ಬಂದರೆ, ಗೆದ್ದವರಿಗೆ ಅಂಕ ಕೊಡಬೇಡಿ. ಸೋತರೂ ಏನೂ ಕಳೆದುಕೊಳ್ಳದ ಜಾಗ ಎಂಬ ಧೈರ್ಯ ಇದ್ದರೇ ಮಕ್ಕಳು ಹೊಸದನ್ನು ಮಾಡಿ ನೋಡುತ್ತಾರೆ. ಆಟದ ಮೇಲೆ ಬರೆದ ಒಂದು ಪುಟಕ್ಕೆ ಅಂಕ ಕೊಡಿ. ಖಾಲಿ ಚೀಲ ಸಿಕ್ಕವರು ಎಷ್ಟೋ ಸಲ ಅತಿ ಒಳ್ಳೆಯ ಪುಟ ಬರೆಯುತ್ತಾರೆ.

ಬೇರೆ ವಿಷಯದವರಿಗೆ

ಸಂಖ್ಯಾಶಾಸ್ತ್ರದವರಿಗೆ ಚೌಕಾಬಾರ ಇದೆ. ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿದರೆ ಬಿಳಿ ಮುಖ ಬರುತ್ತದೆ. ಅಂಥ ನಾಲ್ಕು ಬೀಜ ಎಸೆಯಿರಿ. ಬಿಳಿ ಎಷ್ಟೋ ಅಷ್ಟು ಮನೆ, ನಾಲ್ಕೂ ಕಪ್ಪು ಬಿದ್ದರೆ ಎಂಟು. ಎರಡು ಮುಖಕ್ಕೂ ಸಮ ಅವಕಾಶ ಇದ್ದರೆ ಒಂದು ಎಸೆತದ ಸರಾಸರಿ 2.5 ಆಗಬೇಕು. ಗುಂಪಿಗೆ ನೂರು ಎಸೆತ ಹಾಕಿಸಿ ಬರೆಸಿ. ಸಾಮಾನ್ಯವಾಗಿ ಅದು 2.5ಕ್ಕೆ ಕೂರುವುದಿಲ್ಲ, ಯಾಕಂದರೆ ಕೈಯಲ್ಲಿ ತಿಕ್ಕಿದ ಬೀಜ ಸಮ ಇರುವುದಿಲ್ಲ. ಹಾಗಾದರೆ ಈ ಬೀಜದ ನಿಜವಾದ ಸಂಭವನೀಯತೆ ಎಷ್ಟು? ಪಾಠ ಇಲ್ಲಿಂದ ಶುರು.

ಇತಿಹಾಸದವರಿಗೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕ ಶಾಸನ ಇದೆ. ನನ್ನ ಗೆಳತಿಯೊಬ್ಬಳ ತರಗತಿಗೆ ನಾವಿಬ್ಬರೂ ಸೇರಿ ಇದನ್ನು ಕಟ್ಟಿದೆವು. ಚೀಟಿಗಳನ್ನು ಒಂದೊಂದಾಗಿ ಬಿಡಬೇಕು. ಮೊದಲ ಚೀಟಿ: ಬಂಡೆಗಳ ಮೇಲೆ ಮಾತಾಡುವ ರಾಜ ತನ್ನನ್ನು "ದೇವಾನಾಂಪ್ರಿಯ ಪ್ರಿಯದರ್ಶಿ" ಎನ್ನುತ್ತಾನೆ. ಎರಡನೆಯದು: ಸಿಂಹಳದಲ್ಲಿ ದೇವಾನಾಂಪಿಯ ತಿಸ್ಸ ಎಂಬ ರಾಜನಿದ್ದ. ಇಷ್ಟು ಕೊಟ್ಟು ಕೇಳಿ: ಈ ರಾಜ ಯಾರು, ನಿಮಗೆ ನೂರಕ್ಕೆ ಎಷ್ಟು ನಂಬಿಕೆ? ಬಹಳ ಮಂದಿ ಸಿಂಹಳದ ಕಡೆ ಹೋಗುತ್ತಾರೆ. ಆ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕೂಡ ಮೊದಲು ಹಾಗೇ ತಿಳಿದಿದ್ದರು. ಮೂರನೇ ಚೀಟಿ: ಸಿಂಹಳದ ಪಾಲಿ ಗ್ರಂಥವೊಂದು ಅಶೋಕನನ್ನು ಪಿಯದಸ್ಸಿ (ಪ್ರಿಯದರ್ಶಿಯ ಪಾಲಿ ರೂಪ) ಎಂದೂ ಕರೆಯುತ್ತದೆ. ಸಿಂಹಳದಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾರ್ಜ್ ಟರ್ನರ್ ಇದನ್ನು ತೋರಿಸಿದ್ದು 1837ರಲ್ಲಿ. ಕೊನೆಗೆ 1915ರ ಮಸ್ಕಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಆ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇದೆ. ಪ್ರತಿ ಚೀಟಿಗೂ ನಂಬಿಕೆಯ ಅಂಕ ಏರಿಳಿಯುವುದನ್ನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿ. ಸಾಕ್ಷ್ಯ ಅಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಅಶೋಕನ ಹೆಸರಿರುವ ಶಾಸನಗಳು ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇವೆ. ಸಿರುಗುಪ್ಪ ಕಡೆಯ ಮಕ್ಕಳಿದ್ದರೆ ಆಟ ಮುಗಿದ ವಾರವೇ ನೋಡಿಕೊಂಡು ಬರುತ್ತಾರೆ.

ಹೆಜ್ಜೆ 7: ಬರೆದಿಡಿ

ಅಂದೇ ಸಂಜೆ ಒಂದು ಪುಟ ಬರೆಯಿರಿ. ಯಾವ ನಿಯಮ ಗೊಂದಲ ಮಾಡಿತು, ಯಾವ ಗುಂಪು ಬೇಗ ಬೇಸತ್ತಿತು, ಯಾವ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಲಿಲ್ಲ. ಒಂದು ವಾರ ಬಿಟ್ಟು, ಹೇಳದೆ ಕೇಳದೆ ಎರಡು ಪ್ರಶ್ನೆಯ ಚಿಕ್ಕ ಪರೀಕ್ಷೆ ಕೊಡಿ. ಆಟ ನೆನಪಿದ್ದು ವಿಷಯ ಮರೆತಿದ್ದರೆ ನಿಯಮವನ್ನು ಮತ್ತೆ ಕಟ್ಟಬೇಕು. ಸೆಮಿಸ್ಟರ್‌ಗೆ ಎರಡು ಅಥವಾ ಮೂರು ಆಟ ಸಾಕು. ಉಳಿದ ದಿನ ಉಪನ್ಯಾಸವೂ ಬೇಕು, ಓದೂ ಬೇಕು.

ಬೀಜಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಂದಿನ ಸಲ ಲೆಕ್ಕ ತಪ್ಪುತ್ತದೆ. ಡಬ್ಬಿಗೆ ತುಂಬುವ ಮುಂಚೆ ಎರಡು ದಿನ ಮಾಳಿಗೆಯ ಮೇಲೆ ಚೆನ್ನಾಗಿ ಒಣಗಿಸಿ. ಹಸಿ ಇದ್ದರೆ ಹುಳ ಹಿಡಿಯುತ್ತದೆ.